ರೋಮಾನ್ಸ್ ಭಾಷೆಗಳಲ್ಲಿ ಡಿಗ್ರಿ ಅಂದರೆ ಬರೀ ಮಾತಾಡಲು ಕಲಿಯುವುದಾ?

ನೀವು ಪಿಯುಸಿ ಮುಗಿಸಿದ್ದೀರಿ, ಫ್ರೆಂಚ್ ಇಷ್ಟ. ಜರ್ಮನಿಯಲ್ಲಿ ‘ರೊಮಾನಿಸ್ಟಿಕ್’, ಅಂದರೆ ಲ್ಯಾಟಿನ್‌ನಿಂದ ಹುಟ್ಟಿದ ರೋಮಾನ್ಸ್ ಭಾಷೆಗಳನ್ನು ಓದುವ ಡಿಗ್ರಿ ಇದೆಯಂತೆ, ಅಲ್ಲಿ ಮೂರು ವರ್ಷ ಮಾತಾಡುವುದನ್ನೇ ಕಲಿಸುತ್ತಾರಾ ಎಂದು ಕೇಳಿದ್ದೀರಿ. ನಾನು ಓದಿದ್ದು ಅದೇ ಡಿಗ್ರಿ. ಮಾತು ಕಲಿಯುವುದು ಅದರಲ್ಲಿ ಒಂದು ಭಾಗ ಅಷ್ಟೇ. ಉಳಿದದ್ದು ಸಾಹಿತ್ಯ ಮತ್ತು ಭಾಷಾವಿಜ್ಞಾನ. ಕಾದಂಬರಿಗಳನ್ನು ಮೂಲದಲ್ಲೇ ಓದಬೇಕು, ಅವುಗಳ ಮೇಲೆ ಉದ್ದುದ್ದ ಪ್ರಬಂಧ ಬರೆಯಬೇಕು. ಮಾತು ಬಂದರೆ ಸಾಕು ಅನ್ನುವುದಾದರೆ ಫ್ರೆಂಚ್ ಕಲಿಸುವ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಸೇರಿ, ಇದಕ್ಕೆ ಬರಬೇಡಿ.

ನನ್ನನ್ನು ಹಿಡಿದಿಟ್ಟಿದ್ದು ಭಾಷೆಗಳ ಚರಿತ್ರೆ. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್, ರೊಮೇನಿಯನ್ ಎಲ್ಲವೂ ಜನಸಾಮಾನ್ಯರು ಆಡುತ್ತಿದ್ದ ಲ್ಯಾಟಿನ್‌ನಿಂದ ಬಂದವು. ಇವನ್ನು ಪಕ್ಕಪಕ್ಕ ಇಟ್ಟು ಓದುವುದಕ್ಕೆ ಗಟ್ಟಿ ಅಡಿಪಾಯ ಹಾಕಿದವರು ಬಾನ್ ನಗರದಲ್ಲಿ ಪಾಠ ಮಾಡುತ್ತಿದ್ದ ಫ್ರೀಡ್ರಿಖ್ ಡೀಟ್ಸ್. ಅವರ ವ್ಯಾಕರಣದ ಮೊದಲ ಸಂಪುಟ ಬಂದಿದ್ದು 1836ರಲ್ಲಿ. ಹಿಟ್ಟಿಗೆ ಲ್ಯಾಟಿನ್‌ನಲ್ಲಿ ‘ಫರೀನಾ’ ಅನ್ನುತ್ತಿದ್ದರು. ಇಟಾಲಿಯನ್‌ನಲ್ಲಿ ಈಗಲೂ ಅದೇ, ಫ್ರೆಂಚ್‌ನಲ್ಲಿ ‘ಫರೀನ್’. ಸ್ಪ್ಯಾನಿಷ್‌ನಲ್ಲಿ ಮಾತ್ರ ‘ಫ’ ಹೋಗಿ ‘ಹ’ ಬಂತು, ಆಮೇಲೆ ಅದೂ ಬಿದ್ದುಹೋಯಿತು. ಬರೆಯುವಾಗ ಎಚ್ ಅಕ್ಷರ ಉಂಟು, ಬಾಯಲ್ಲಿ ‘ಅರೀನಾ’. ಹಳಗನ್ನಡದ ‘ಪಾಲ್’ ‘ಹಾಲು’ ಆಗಿ, ಮಂಡ್ಯ ಕಡೆಯ ಮಾತಲ್ಲಿ ‘ಆಲು’ ಆಗುತ್ತದಲ್ವಾ? ಹೆಚ್ಚುಕಡಿಮೆ ಅದೇ ದಾರಿ. ಕನ್ನಡದವರಿಗೆ ಈ ಪಾಠ ಬೇಗ ಹತ್ತುತ್ತದೆ, ಖುಷಿಯೂ ಜಾಸ್ತಿ.

ಹಳೆಯ ಬರಹಗಳನ್ನು ಸಾಲುಸಾಲಾಗಿ ಬಿಡಿಸಿ ಓದಿಸುತ್ತಾರೆ. 842ರಲ್ಲಿ ಶಾರ್ಲಮೇನ್ ಚಕ್ರವರ್ತಿಯ ಮೊಮ್ಮಕ್ಕಳಾದ ಲೂಯಿ ಮತ್ತು ಚಾರ್ಲ್ಸ್, ಅಣ್ಣ ಲೋಥೇರನ ವಿರುದ್ಧ ಒಂದಾಗಿ ಸ್ಟ್ರಾಸ್‌ಬರ್ಗ್‌ನಲ್ಲಿ ಆಣೆ ಮಾಡಿದರು. ಜರ್ಮನ್ ಸೀಮೆಯ ಲೂಯಿ, ತಮ್ಮನ ಸೈನಿಕರಿಗೆ ತಿಳಿಯಲಿ ಎಂದು ರೋಮಾನ್ಸ್ ಮಾತಲ್ಲಿ ಆಣೆಯಿಟ್ಟ. ಚಾರ್ಲ್ಸ್ ಲೂಯಿಯ ಕಡೆಯವರ ಜರ್ಮನ್ ಮಾತಲ್ಲಿ. ಫ್ರೆಂಚ್‌ನ ಅತಿ ಹಳೆಯ ಬರಹ ಎಂದು ಎಣಿಸುವುದು ಲೂಯಿಯ ಆ ನಾಲ್ಕಾರು ಸಾಲುಗಳನ್ನೇ. ಲ್ಯಾಟಿನ್ ಪೂರ್ತಿ ಬಿಟ್ಟಿಲ್ಲ, ಫ್ರೆಂಚ್ ಇನ್ನೂ ಆಗಿಲ್ಲ. ಅಂಥದ್ದನ್ನು ಓದುವಾಗ ಮೈ ಜುಮ್ಮೆನ್ನದಿದ್ದರೆ ಈ ಡಿಗ್ರಿ ನಿಮಗೆ ಭಾರವಾದೀತು.

ಇನ್ನು ಸೇರುವ ವಿಚಾರ. ಪಾಠ ನಡೆಯುವುದು ಜರ್ಮನ್‌ನಲ್ಲಿ ಮತ್ತು ಆಯಾ ಭಾಷೆಯಲ್ಲಿ, ಇಂಗ್ಲಿಷ್ ನಂಬಿ ಹೋಗಬೇಡಿ. ಸಾಮಾನ್ಯವಾಗಿ ಸಿ1 ಮಟ್ಟದ, ಅಂದರೆ ಚೆನ್ನಾಗಿ ಪಳಗಿದ ಜರ್ಮನ್ ಕೇಳುತ್ತಾರೆ. ಕೆಲವು ಕಡೆ ಲ್ಯಾಟಿನ್ ಕೂಡ ಬೇಕು. ಪಿಯುಸಿ ಅಂಕಗಳ ಮೇಲೆ ಎಲ್ಲರಿಗೂ ನೇರ ಪ್ರವೇಶ ಸಿಗುವುದಿಲ್ಲ, ಮೊದಲೇ ವಿಚಾರಿಸಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಹೈಡಲ್‌ಬರ್ಗ್, ಫ್ರೈಬುರ್ಗ್ ಇರುವ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರು ಸೆಮಿಸ್ಟರ್‌ಗೆ 1500 ಯೂರೋ ಕಟ್ಟಬೇಕು.

ಅಷ್ಟು ದೂರ ಬೇಡ ಅಂದರೆ ದೆಹಲಿಯ ಜೆಎನ್‌ಯುನಲ್ಲಿ ಫ್ರೆಂಚ್ ಅಥವಾ ಸ್ಪ್ಯಾನಿಷ್ ಬಿಎ ಆನರ್ಸ್ ಇದೆ. ಖರ್ಚೂ ಬಹಳ ಕಡಿಮೆ. ಎಲ್ಲಿಗೇ ಸೇರಿದರೂ ಫ್ರೆಂಚ್ ಜೊತೆ ಇನ್ನೊಂದು ರೋಮಾನ್ಸ್ ಭಾಷೆಯನ್ನು ಮೊದಲ ವರ್ಷವೇ ಹಿಡಿಯಿರಿ. ಒಂದೇ ಭಾಷೆ ಓದಿದರೆ ನಾನು ಮೇಲೆ ಹೇಳಿದ ಹೋಲಿಕೆಗಳು ಯಾವುವೂ ಕಣ್ಣಿಗೆ ಬೀಳುವುದಿಲ್ಲ.