ಓದುಗರ ಪ್ರಶ್ನೆ: ಮದುವೆಯ 40ನೆಯ ವರ್ಷಕ್ಕೆ ಅಮೆರಿಕದ ಪಶ್ಚಿಮದಲ್ಲಿ ಬಸ್ ಪ್ರವಾಸ

ಪ್ರಶ್ನೆ: ಮಾನ್ಯರೇ, ಬರುವ ಸೆಪ್ಟೆಂಬರ್ 19ಕ್ಕೆ ನಮ್ಮ ಮದುವೆಯಾಗಿ 40 ವರ್ಷ ತುಂಬುತ್ತದೆ. ನಾವಿಬ್ಬರೂ ಈಗ ಡೆನ್ವರ್‌ನಲ್ಲಿರುವ ಮಗಳ ಮನೆಗೆ ಬಂದಿದ್ದು, ಈ ಸಂದರ್ಭಕ್ಕೆಂದು ಮಗಳು ಮತ್ತು ಅಳಿಯ ನಮ್ಮನ್ನು ಪಶ್ಚಿಮದ ರಾಜ್ಯಗಳ ಬಸ್ ಪ್ರವಾಸಕ್ಕೆ ಕಳುಹಿಸಬೇಕೆಂದಿದ್ದಾರೆ. ಎರಡು ಕಾರ್ಯಕ್ರಮಗಳನ್ನು ಆರಿಸಿಟ್ಟಿದ್ದಾರೆ. ಮೊದಲನೆಯದು 9 ದಿನಗಳದು. ಲಾಸ್ ಏಂಜಲೀಸ್‌ನಿಂದ ಹೊರಟು ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್, ಬ್ರೈಸ್, ಸಾಲ್ಟ್ ಲೇಕ್ ಸಿಟಿ, ಯೆಲ್ಲೋಸ್ಟೋನ್, ಮೌಂಟ್ ರಶ್ಮೋರ್ ಎಲ್ಲವನ್ನೂ ತೋರಿಸಿ ಡೆನ್ವರ್‌ಗೆ ತಂದು ಬಿಡುತ್ತಾರೆ. ಎರಡನೆಯದು 8 ದಿನಗಳದು. ಸಾಲ್ಟ್ ಲೇಕ್ ಸಿಟಿಯಿಂದ ಹೊರಟು ಲಾಸ್ ವೇಗಸ್‌ನಲ್ಲಿ ಮುಗಿಯುತ್ತದೆ. ಅದರಲ್ಲಿ ಯೆಲ್ಲೋಸ್ಟೋನ್‌ನಲ್ಲಿ ಎರಡು ರಾತ್ರಿ ಇರಿಸುತ್ತಾರೆ, ಆದರೆ ರಶ್ಮೋರ್ ಇಲ್ಲ. ನಮ್ಮ ಯಜಮಾನರಿಗೆ ಬೆಟ್ಟದಲ್ಲಿ ಕೆತ್ತಿದ ಅಮೆರಿಕದ ಅಧ್ಯಕ್ಷರ ಆ ನಾಲ್ಕು ಮುಖಗಳನ್ನು ನೋಡಲೇಬೇಕೆಂಬ ಆಸೆ. ನನಗೆ ಮಂಡಿನೋವಿದೆ, ಅವರಿಗೆ ರಕ್ತದೊತ್ತಡವಿದೆ, ಇಬ್ಬರೂ ಸಸ್ಯಾಹಾರಿಗಳು. ಯಾವುದನ್ನು ಆರಿಸಿಕೊಳ್ಳಬೇಕು, ಏನೇನು ಕೇಳಿ ತಿಳಿದುಕೊಂಡಿರಬೇಕು ಎಂಬುದನ್ನು ದಯವಿಟ್ಟು ತಿಳಿಸಿ. — ಹೆಸರು ಬೇಡ

ಉತ್ತರ: ಮಾನ್ಯರೇ, ಮೊದಲಿಗೆ ನಿಮ್ಮಿಬ್ಬರಿಗೂ ಹೃತ್ಪೂರ್ವಕ ಶುಭಾಶಯಗಳು. ಎರಡನೆಯ ಕಾರ್ಯಕ್ರಮವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಯಜಮಾನರ ಆಸೆಯನ್ನು ಬದಿಗಿಡಬೇಕೆಂದು ಇದರ ಅರ್ಥವಲ್ಲ. ಅದಕ್ಕೆ ಬೇರೆಯದೇ ಉತ್ತಮ ದಾರಿಯಿದೆ, ಮುಂದೆ ಹೇಳುತ್ತೇನೆ.

ಪಶ್ಚಿಮದ ಪ್ರವಾಸವನ್ನು ಯೋಜಿಸುವವರು ಭೂಪಟದಲ್ಲಿ ಬೆರಳಿಟ್ಟು ದೂರವನ್ನು ಅಳೆದುಕೊಳ್ಳದೆ ಮುಂದುವರಿಯಬಾರದು. ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಸುಮಾರು 435 ಕಿಲೋಮೀಟರ್, ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚಿಗೆ ಸುಮಾರು 450, ಸಾಲ್ಟ್ ಲೇಕ್‌ನಿಂದ ಯೆಲ್ಲೋಸ್ಟೋನ್‌ನ ಪಶ್ಚಿಮ ದ್ವಾರಕ್ಕೆ 500ಕ್ಕೂ ಹೆಚ್ಚು, ಯೆಲ್ಲೋಸ್ಟೋನ್‌ನ ಪೂರ್ವಕ್ಕಿರುವ ಕೋಡಿ ಪಟ್ಟಣದಿಂದ ರಶ್ಮೋರ್ ಬಳಿಯ ರ‍್ಯಾಪಿಡ್ ಸಿಟಿಗೆ 600ಕ್ಕೂ ಹೆಚ್ಚು, ರ‍್ಯಾಪಿಡ್ ಸಿಟಿಯಿಂದ ಡೆನ್ವರ್‌ಗೆ ಮತ್ತೆ ಅಷ್ಟೇ. ಪ್ರಯಾಣಿಕರ ಬಸ್ ಓಡಿಸುವ ಚಾಲಕರು 8 ಗಂಟೆಗಳ ವಿಶ್ರಾಂತಿಯ ನಂತರ 10 ಗಂಟೆಗಳಿಗಿಂತ ಹೆಚ್ಚು ಓಡಿಸಕೂಡದೆಂಬ ನಿಯಮ ಅಮೆರಿಕದಲ್ಲಿದೆ. ಹಾಗಾಗಿ ಇಷ್ಟೊಂದು ದೂರವನ್ನು 9 ದಿನಗಳಲ್ಲಿ ಮುಗಿಸಬೇಕಾದಾಗ ಕಡಿತವಾಗುವುದು ನೀವು ಕೆಳಗಿಳಿದು ನೋಡುವ ಹೊತ್ತು.

ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಇಂಥದೇ ಅವಸರದ ಪ್ರವಾಸವೊಂದರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಓಲ್ಡ್ ಫೇತ್‌ಫುಲ್ ಎಂಬ ಪ್ರಸಿದ್ಧ ಬಿಸಿನೀರಿನ ಚಿಲುಮೆಯ ಬಳಿ ನಮಗೆ ಕೊಟ್ಟದ್ದು 40 ನಿಮಿಷ. ಆ ಚಿಲುಮೆ ಸಾಮಾನ್ಯವಾಗಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಹಿಂದಿನ ಚಿಮ್ಮುವಿಕೆ ಹೆಚ್ಚು ಹೊತ್ತು ನಡೆದಿದ್ದರೆ ಮುಂದಿನದಕ್ಕೆ ಹೆಚ್ಚು ಕಾಯಬೇಕು, ಬೇಗ ಮುಗಿದಿದ್ದರೆ ಒಂದು ಗಂಟೆಯ ಆಸುಪಾಸಿನಲ್ಲೇ ಮತ್ತೆ ಏಳುತ್ತದೆ. ಈ ಲೆಕ್ಕದ ಮೇಲೆ ಉದ್ಯಾನದವರು ಮುಂದಿನ ಸಮಯವನ್ನು ಹತ್ತು ನಿಮಿಷಗಳ ಹೆಚ್ಚುಕಡಿಮೆಯಲ್ಲಿ ಬರೆದು ಹಾಕುತ್ತಾರೆ. ನಾವು ತಲುಪುವ ಸ್ವಲ್ಪ ಮುಂಚೆ ಅದು ಚಿಮ್ಮಿ ಮುಗಿದಿತ್ತು, ಮುಂದಿನದಕ್ಕೆ ಬಸ್ ಕಾಯಲಿಲ್ಲ. ನನ್ನ ಪತ್ನಿ ಕಿಟಕಿಯ ಗಾಜಿಗೆ ಹಣೆಯೊತ್ತಿ ಹಿಂದಿರುಗಿ ನೋಡುತ್ತಿದ್ದುದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಯಾವುದೇ ಪ್ರವಾಸ ಸಂಸ್ಥೆಯವರನ್ನು ನೀವು ಮೊದಲು ಕೇಳಬೇಕಾದದ್ದು, ಪ್ರತಿಯೊಂದು ಸ್ಥಳದಲ್ಲಿ ಬಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು. ಓಲ್ಡ್ ಫೇತ್‌ಫುಲ್ ಬಳಿ ಕನಿಷ್ಠ ಎರಡು ಗಂಟೆ ಇರಲೇಬೇಕು.

ಎರಡನೆಯದಾಗಿ, 'ಗ್ರ್ಯಾಂಡ್ ಕ್ಯಾನ್ಯನ್' ಎಂದು ಬರೆದಿದ್ದರೆ ಯಾವ ಭಾಗ ಎಂದು ತಪ್ಪದೆ ಕೇಳಿ. ಕಮರಿಯ ಉದ್ದ 446 ಕಿಲೋಮೀಟರ್. ಲಾಸ್ ವೇಗಸ್‌ಗೆ ಹತ್ತಿರವಾದ್ದರಿಂದ ಕೆಲವು ಬಸ್ಸುಗಳು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್ ಎಂಬಲ್ಲಿಗೆ ಮಾತ್ರ ಹೋಗುತ್ತವೆ. ಅದು ಹುವಾಲಪೈ ಎಂಬ ಮೂಲನಿವಾಸಿ ಜನಾಂಗದವರ ನೆಲ, ರಾಷ್ಟ್ರೀಯ ಉದ್ಯಾನದ ಭಾಗವಲ್ಲ. 2007ರಲ್ಲಿ ತೆರೆದ ಗಾಜಿನ ಸ್ಕೈವಾಕ್ ಇರುವುದು ಅಲ್ಲಿಯೇ. ಅದಕ್ಕೂ ಅದರದೇ ಆದ ಚೆಲುವಿದೆ. ಆದರೆ ಚಿತ್ರಗಳಲ್ಲಿ ನಾವು ನೋಡಿರುವ, ಪದರ ಪದರವಾಗಿ ಕೆಳಗಿಳಿಯುತ್ತ ಹೋಗುವ ಆ ವಿಸ್ತಾರ ಕಾಣಬೇಕಾದರೆ ದಕ್ಷಿಣದ ಅಂಚಿಗೆ, ಅಂದರೆ ಸೌತ್ ರಿಮ್‌ಗೆ ಹೋಗಬೇಕು. ಈ ಎರಡರ ನಡುವೆ ರಸ್ತೆಯಲ್ಲಿ ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣವಿದೆ.

ಸೌತ್ ರಿಮ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯಲು ಅನುಮತಿ ಕೊಡಿ. ಅಲ್ಲಿಂದ ಕಾಣುವ, ಕಮರಿಯೊಳಗಿಂದ ಗೋಪುರಗಳಂತೆ ಎದ್ದು ನಿಂತ ಶಿಖರಗಳಲ್ಲಿ ಒಂದರ ಹೆಸರು ವಿಷ್ಣು ಟೆಂಪಲ್, ಮತ್ತೊಂದರ ಹೆಸರು ಶಿವ ಟೆಂಪಲ್; ಬ್ರಹ್ಮ ಟೆಂಪಲ್ ಕೂಡ ಅಲ್ಲಿಯೇ ಇದೆ. 19ನೆಯ ಶತಮಾನದಲ್ಲಿ ಆ ಪ್ರದೇಶವನ್ನು ಅಧ್ಯಯನ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ ಅವರಿಗೆ ಆ ಬಂಡೆಗಳ ಆಕಾರ ಪೂರ್ವದೇಶಗಳ ದೇವಾಲಯಗಳನ್ನು ನೆನಪಿಗೆ ತಂದಿತು, ಇಂಥ ಹೆಸರಿಡುವ ರೂಢಿ ಅವರಿಂದ ಬೆಳೆಯಿತು. ಕಮರಿಯ ತಳದಲ್ಲಿ ಕೊಲೊರಾಡೊ ನದಿಯ ಪಕ್ಕಕ್ಕಿರುವ ಕಪ್ಪು ಶಿಲೆಗೂ ವಿಷ್ಣುವಿನ ಹೆಸರೇ ಇದೆ; ಅದರ ವಯಸ್ಸು ಸುಮಾರು 175 ಕೋಟಿ ವರ್ಷ. ನೀವು ಕಾಲಿಟ್ಟು ನಿಂತಿರುವ ಅಂಚಿನ ಸುಣ್ಣದ ಕಲ್ಲು ಸುಮಾರು 27 ಕೋಟಿ ವರ್ಷದ್ದು. ಯವಪೈ ಎಂಬಲ್ಲಿ 1928ರಲ್ಲಿ ಕಟ್ಟಿದ ಚಿಕ್ಕ ಭೂವಿಜ್ಞಾನ ಸಂಗ್ರಹಾಲಯವಿದ್ದು, ಅದರ ಕಿಟಕಿಯ ಮುಂದೆ ನಿಂತು ಯಾವ ಶಿಖರ ಯಾವುದೆಂದು ಗುರುತಿಸಬಹುದು. ಮೇದರ್ ಪಾಯಿಂಟ್‌ನಿಂದ ಅಲ್ಲಿಗೆ ಒಂದು ಕಿಲೋಮೀಟರ್‌ಗಿಂತ ತುಸು ಹೆಚ್ಚು, ಹಾಸು ಹಾಕಿದ ದಾರಿ. ನಿಮ್ಮ ಮಂಡಿಗೆ ಅದು ಭಾರವಾಗಲಾರದು. ಕಮರಿಯೊಳಕ್ಕೆ ಇಳಿಯುವ ಜಾಡುಗಳನ್ನು ಮಾತ್ರ ದೂರದಿಂದಲೇ ನೋಡಿ. ಇಳಿಯುವಾಗ ಹಗುರವೆನಿಸುವ ದಾರಿ ಹತ್ತುವಾಗ ಉಸಿರನ್ನೇ ಕಸಿಯುತ್ತದೆ.

ಎತ್ತರದ ವಿಚಾರವನ್ನು ನಿಮ್ಮ ಯಜಮಾನರ ವೈದ್ಯರೊಂದಿಗೆ ಹೊರಡುವ ಮುಂಚೆಯೇ ಚರ್ಚಿಸಿ. ಸೌತ್ ರಿಮ್ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಯೆಲ್ಲೋಸ್ಟೋನ್ ಪ್ರಸ್ಥಭೂಮಿ ಸುಮಾರು 2,400 ಮೀಟರ್, ಬ್ರೈಸ್ ಇನ್ನೂ ಮೇಲೆ. ಡೆನ್ವರ್ ಕೂಡ 1,600 ಮೀಟರ್ ಎತ್ತರದಲ್ಲಿರುವುದರಿಂದ ನೀವು ಈಗಾಗಲೇ ಸ್ವಲ್ಪ ಒಗ್ಗಿಕೊಂಡಿರುತ್ತೀರಿ, ಇದೊಂದು ಅನುಕೂಲ. ಮಾತ್ರೆಗಳನ್ನು ಬಸ್ಸಿನ ಹೊಟ್ಟೆಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಪ್ರವಾಸದ ಆರೋಗ್ಯ ವಿಮೆ ಹಳೆಯ ರಕ್ತದೊತ್ತಡಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಅಳಿಯನಿಂದ ಓದಿಸಿ ಖಚಿತಪಡಿಸಿಕೊಳ್ಳಿ.

ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟ್ ಮತ್ತು ಸನ್‌ಸೆಟ್ ಪಾಯಿಂಟ್‌ಗಳ ನಡುವಿನ ದಾರಿ ಒಂದು ಕಿಲೋಮೀಟರ್‌ಗೂ ಕಡಿಮೆ, ಬಹುಮಟ್ಟಿಗೆ ಸಮತಟ್ಟು. ಅಲ್ಲಿನ ಸಾವಿರಾರು ಕೆಂಪು ಕಂಬಗಳನ್ನು ಕಡೆದದ್ದು ಮುಖ್ಯವಾಗಿ ಮಂಜುಗಡ್ಡೆ: ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಹೀಗೆಯೇ ನಡೆಯುತ್ತ ಬಂಡೆ ಸೀಳುತ್ತದೆ. ನಿಮ್ಮ ಕಾರ್ಯಕ್ರಮದಲ್ಲಿ ಆಂಟೆಲೋಪ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕಮರಿ ಇದ್ದರೆ ಮೇಲಿನದೋ ಕೆಳಗಿನದೋ ಎಂದು ವಿಚಾರಿಸಿ. ಅಪ್ಪರ್ ಎಂಬುದರಲ್ಲಿ ನೆಲದ ಮಟ್ಟದಲ್ಲೇ ನಡೆದು ಒಳಹೋಗಬಹುದು. ಲೋವರ್‌ನಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲುಗಳಿವೆ, ಅದು ನಿಮಗೆ ಬೇಡ. ಆ ನೆಲ ನವಾಹೊ ಎಂಬ ಮೂಲನಿವಾಸಿ ಜನರದು, ಅವರ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ.

ಗಡಿಯಾರದ ಬಗ್ಗೆಯೂ ಒಂದು ಎಚ್ಚರಿಕೆ. ಅರಿಝೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಿಲ್ಲ, ಆದರೆ ಅದೇ ರಾಜ್ಯದೊಳಗಿನ ನವಾಹೊ ಪ್ರದೇಶ ತಿರುಗಿಸುತ್ತದೆ, ಯೂಟಾ ಕೂಡ. ಸೆಪ್ಟೆಂಬರ್‌ನಲ್ಲಿ ಈ ಗಡಿಗಳನ್ನು ದಾಟುವಾಗ ಮೊಬೈಲ್ ತಾನಾಗಿ ಒಂದು ಗಂಟೆ ಹಿಂದೆ ಮುಂದೆ ಆಗುತ್ತಿರುತ್ತದೆ. ಬಸ್ ಹೊರಡುವ ಸಮಯವನ್ನು ಮಾರ್ಗದರ್ಶಕರ ಕೈಗಡಿಯಾರಕ್ಕೆ ಹೊಂದಿಸಿಕೊಳ್ಳಿ.

ಇನ್ನು ಖರ್ಚಿನ ವಿಷಯ. 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟ ಪ್ರವಾಸಿಗರು 11 ಪ್ರಮುಖ ರಾಷ್ಟ್ರೀಯ ಉದ್ಯಾನಗಳಲ್ಲಿ ಮಾಮೂಲಿ ಪ್ರವೇಶದರದ ಜೊತೆಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಕೊಡಬೇಕಾಗಿದೆ. ವಿದೇಶೀಯರ ವಾರ್ಷಿಕ ಪಾಸಿನ ಬೆಲೆ 250 ಡಾಲರ್. ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟಾನ್, ಬ್ರೈಸ್, ಝಯಾನ್, ಗ್ರ್ಯಾಂಡ್ ಕ್ಯಾನ್ಯನ್ ಐದೂ ಆ ಪಟ್ಟಿಯಲ್ಲಿವೆ. ನೀವು ಮಗಳ ಮನೆಗೆ ಬಂದ ಅತಿಥಿಗಳಾದ್ದರಿಂದ ಇದು ನಿಮಗೂ ಅನ್ವಯಿಸುತ್ತದೆ. ಪ್ರವಾಸದ ದರದಲ್ಲಿ ಇದು ಸೇರಿದೆಯೇ, ಇಲ್ಲದಿದ್ದರೆ ಬಸ್ಸಿನಲ್ಲಿ ಬರುವವರಿಗೆ ಯಾವ ಪಾಸು ಸಲ್ಲುತ್ತದೆ, ಚಾಲಕ ಮತ್ತು ಮಾರ್ಗದರ್ಶಕರಿಗೆ ಕೊಡುವ ಟಿಪ್ಸ್ ಒಳಗೊಂಡಿದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.

ಊಟ ಕಷ್ಟವಾಗುವುದು ವಯೋಮಿಂಗ್‌ನ ಚಿಕ್ಕ ಪಟ್ಟಣಗಳಲ್ಲಿ. ಸಾಲ್ಟ್ ಲೇಕ್ ಮತ್ತು ಲಾಸ್ ವೇಗಸ್‌ಗಳಲ್ಲಿ ಚಿಂತೆಯಿಲ್ಲ. ಬೀನ್ಸ್ ಖಾದ್ಯಗಳಿಗೆ ಕೆಲವೆಡೆ ಹಂದಿಯ ಕೊಬ್ಬು ಬೆರೆಸುವುದುಂಟು, ಕೇಳಿ ತಿನ್ನಿ. ಬಿಸಿನೀರು ಬೆರೆಸಿದರೆ ಸಿದ್ಧವಾಗುವ ತಿಂಡಿಗಳನ್ನು ಮಗಳ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಕೆಟಲ್ ಮಾತ್ರ ಅಲ್ಲಿಯೇ ಕೊಂಡದ್ದಾಗಿರಲಿ; ಭಾರತದ 230 ವೋಲ್ಟಿನ ಕೆಟಲ್ ಅಲ್ಲಿನ 120 ವೋಲ್ಟಿನಲ್ಲಿ ಸುಮಾರು ಕಾಲುಭಾಗ ಶಕ್ತಿಯಲ್ಲಿ ಮಾತ್ರ ಕಾಯುತ್ತದೆ.

ಈಗ ರಶ್ಮೋರ್. ಡೆನ್ವರ್‌ನಿಂದ ಅದು ಕಾರಿನಲ್ಲಿ ಸುಮಾರು ಆರು ಗಂಟೆಯ ದಾರಿ. ಬಸ್ಸಿನವರು ಒಂದು ಗಂಟೆ ಇಳಿಸಿ ಹತ್ತಿಸಿಕೊಳ್ಳುವುದಕ್ಕಿಂತ, ಒಂದು ವಾರಾಂತ್ಯ ಮಗಳು ಅಳಿಯನೊಂದಿಗೆ ಹೋಗಿ ರಾತ್ರಿ ಅಲ್ಲಿಯೇ ಉಳಿಯಿರಿ. ಬೇಸಿಗೆಯ ತಿಂಗಳುಗಳಲ್ಲಿ ಸಂಜೆ ಆ ಮುಖಗಳಿಗೆ ದೀಪ ಬೆಳಗುವ ಕಾರ್ಯಕ್ರಮವಿರುತ್ತದೆ. ಗಟ್ಸನ್ ಬೋರ್ಗ್ಲಮ್ ಎಂಬ ಶಿಲ್ಪಿಯ ನೇತೃತ್ವದಲ್ಲಿ 1927ರಿಂದ 1941ರವರೆಗೆ ಸುಮಾರು 400 ಕೆಲಸಗಾರರು ಅದನ್ನು ಕೆತ್ತಿದರು, ಕಲ್ಲಿನ ಬಹುಭಾಗವನ್ನು ಡೈನಮೈಟ್‌ನಿಂದಲೇ ಒಡೆದರು. ಒಂದೊಂದು ಮುಖವೂ ಸುಮಾರು 18 ಮೀಟರ್ ಎತ್ತರ. ಜೆಫರ್ಸನ್ ಮುಖವನ್ನು ಮೊದಲು ವಾಷಿಂಗ್ಟನ್ ಅವರ ಮತ್ತೊಂದು ಪಕ್ಕದಲ್ಲಿ ಆರಂಭಿಸಿ, ಕಲ್ಲು ಸರಿಯಿಲ್ಲವೆಂದು ಕಂಡ ಮೇಲೆ ಸಿಡಿಸಿ ತೆಗೆದು ಈಗಿರುವಲ್ಲಿ ಹೊಸದಾಗಿ ಕೆತ್ತಬೇಕಾಯಿತು.

ಆ ಬೆಟ್ಟದ ಇನ್ನೊಂದು ಕಥೆಯನ್ನೂ ಯಜಮಾನರು ತಿಳಿದು ಹೋಗಲಿ ಎಂಬುದು ನನ್ನ ಕೋರಿಕೆ. ರಶ್ಮೋರ್ ಇರುವ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಲಕೋಟಾ ಎಂಬ ಮೂಲನಿವಾಸಿ ಜನರಿಗೆ ಪವಿತ್ರವಾದ ನೆಲ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಅದನ್ನು ಅವರಿಗೇ ಬಿಟ್ಟುಕೊಟ್ಟಿತ್ತು. ಚಿನ್ನ ಸಿಕ್ಕ ಮೇಲೆ ಕಸಿದುಕೊಂಡಿತು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪರಿಹಾರಧನ ಕೊಡಬೇಕೆಂದು ತೀರ್ಪಿತ್ತಿತು. ತಮಗೆ ಬೇಕಾದದ್ದು ನೆಲ, ಹಣವಲ್ಲವೆಂದು ಅವರು ಅದನ್ನು ಮುಟ್ಟಿಲ್ಲ. ಅಲ್ಲಿಂದ ಸುಮಾರು 27 ಕಿಲೋಮೀಟರ್ ದೂರದಲ್ಲಿ ಲಕೋಟಾ ನಾಯಕ ಕ್ರೇಜಿ ಹಾರ್ಸ್ ಅವರ ಶಿಲ್ಪವನ್ನು 1948ರಿಂದ ಇನ್ನೊಂದು ಬೆಟ್ಟದಲ್ಲಿ ಕೆತ್ತುತ್ತಲೇ ಇದ್ದಾರೆ. ಮುಖ ಮುಗಿದದ್ದೇ 1998ರಲ್ಲಿ. ಎರಡನ್ನೂ ಒಂದೇ ದಿನ ನೋಡಿ.

ಕೊನೆಯದಾಗಿ, 19ನೆಯ ತಾರೀಕು ಎಲ್ಲಿರಬೇಕು ಎಂಬ ಮಾತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರವಾಸ ಆರಂಭವಾಗುವ ಸಾಲ್ಟ್ ಲೇಕ್ ಸಿಟಿಯಲ್ಲಿರುವ, ಮಾರ್ಮನ್ ಎಂಬ ಕ್ರೈಸ್ತ ಪಂಥದವರ ದೇವಾಲಯವನ್ನು ಕಟ್ಟಲು 1853ರಿಂದ 1893ರವರೆಗೆ ಸರಿಯಾಗಿ 40 ವರ್ಷ ಹಿಡಿಯಿತು ಎಂಬುದು ನಿಮಗೆ ಹಿತವೆನಿಸಬಹುದು. ಆದರೂ ಆ ದಿನಕ್ಕೆ ನಾನು ಆರಿಸುವುದು ಯೆಲ್ಲೋಸ್ಟೋನ್‌ನ ಎರಡು ರಾತ್ರಿಗಳ ನಡುವಿನ ಹಗಲನ್ನು. ಅಂದು ಪೆಟ್ಟಿಗೆ ಕಟ್ಟಬೇಕಿಲ್ಲ, ನೂರಾರು ಕಿಲೋಮೀಟರ್ ಕೂರಬೇಕಿಲ್ಲ. ಅದಕ್ಕೆ ತಕ್ಕಂತೆ ಹೊರಡುವ ದಿನಾಂಕವನ್ನು ಆರಿಸಲು ಮಗಳಿಗೆ ಹೇಳಿ, ವಸತಿ ಉದ್ಯಾನದ ಒಳಗಿದೆಯೇ ಅಥವಾ ಓಲ್ಡ್ ಫೇತ್‌ಫುಲ್‌ನಿಂದ ಸುಮಾರು 50 ಕಿಲೋಮೀಟರ್ ದೂರದ ವೆಸ್ಟ್ ಯೆಲ್ಲೋಸ್ಟೋನ್ ಪಟ್ಟಣದಲ್ಲಿದೆಯೇ ಎಂದು ಕೇಳಿ. ಮರದ ಹಲಗೆಯ ಕಾಲುದಾರಿಗಳನ್ನು ಬಿಟ್ಟು ಇಳಿಯಬೇಡಿ, ಏಕೆಂದರೆ ಅಲ್ಲಿ ನೆಲದ ತೆಳುಪದರದ ಕೆಳಗೆಯೇ ಕುದಿನೀರಿದೆ. ಬೈಸನ್‌ಗಳಿಂದ ಕನಿಷ್ಠ 23 ಮೀಟರ್, ಕರಡಿ ತೋಳಗಳಿಂದ 91 ಮೀಟರ್ ದೂರವಿರಬೇಕೆಂಬುದು ಉದ್ಯಾನದ ನಿಯಮ. ಸೆಪ್ಟೆಂಬರ್ ಸಂಜೆಗೆ ಅಲ್ಲಿ ಚಳಿ ಬೇಗ ಇಳಿಯುವುದರಿಂದ ಸ್ವೆಟರ್ ಮತ್ತು ಶಾಲು ಜೊತೆಗಿರಲಿ. ವಸತಿ ಓಲ್ಡ್ ಫೇತ್‌ಫುಲ್ ಬಳಿಯೇ ಸಿಕ್ಕರೆ, ಹಗಲಿನ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಮುಂದಿನ ಸಮಯವನ್ನು ನೋಡಿಕೊಂಡು, ಹದಿನೈದು ನಿಮಿಷ ಮುಂಚೆಯೇ ಹೋಗಿ ಆ ಬೆಂಚುಗಳ ಮೇಲೆ ಇಬ್ಬರೂ ಕುಳಿತುಕೊಳ್ಳಿ.