ಪ್ರತಿಕ್ರಿಯೆ: ಕಾಗದದ ನೋಟು ಬೇಕೇ ಬೇಡವೇ, ಪ್ರಬಂಧದಲ್ಲಿ ವಾದ ತಾಳೆಯಾಗುತ್ತಿಲ್ಲ

ನಿಮ್ಮ ಪ್ರಬಂಧದಲ್ಲಿ ದೊಡ್ಡ ನೋಟು ನಿಲ್ಲಿಸುವುದನ್ನೂ ನಗದನ್ನೇ ತೆಗೆದುಹಾಕುವುದನ್ನೂ ಬಹುಶಃ ಒಂದೇ ಪಟ್ಟಿಗೆ ತುರುಕಿದ್ದೀರಿ. ಅದಕ್ಕೇ ಪರ-ವಿರೋಧ ತಾಳೆಯಾಗುತ್ತಿಲ್ಲ. ಮೊದಲು ಬೇರೆ ಮಾಡಿ. ಯೂರೋ ಬಳಸುವ ಯುರೋಪಿನ ದೇಶಗಳಲ್ಲಿ 500 ಯೂರೋ ನೋಟು ಹೊರಡಿಸುವುದು 2019ರಲ್ಲಿ ನಿಂತಿತು, ಸಣ್ಣ ನೋಟುಗಳು ಹಾಗೇ ಇವೆ. ದೊಡ್ಡ ನೋಟು ಹೋದರೆ ತೆರಿಗೆಗಳ್ಳತನ ತಗ್ಗುತ್ತದೆ ಎಂಬ ವಾದ ಇಲ್ಲಿಗೆ ಸೇರುತ್ತದೆ. ಅದು ಎಷ್ಟು ತಗ್ಗುತ್ತದೆ ಎಂಬುದರಲ್ಲಿ ಅರ್ಥಶಾಸ್ತ್ರಜ್ಞರಿಗೇ ಒಮ್ಮತವಿಲ್ಲ.

ಆಮೇಲೆ ಬಡ್ಡಿದರ, ಇದು ನಗದನ್ನೇ ತೆಗೆಯುವ ಪಟ್ಟಿಗೆ. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಬಡ್ಡಿ ಸೊನ್ನೆಗಿಂತ ಕೆಳಗಿಳಿದರೆ, ಅಂದರೆ ಠೇವಣಿ ಇಟ್ಟವರೇ ಬ್ಯಾಂಕಿಗೆ ಹಣ ಕಟ್ಟಬೇಕಾದರೆ, ಜನ ಠೇವಣಿ ಬಿಡಿಸಿ ನೋಟು ಕೂಡಿಡಬಹುದು. ನಗದಿಲ್ಲದಿದ್ದರೆ ಆ ದಾರಿ ಬಂದ್. ಬಡ್ಡಿ ಇನ್ನೂ ಇಳಿಸಬಹುದಾದ್ದರಿಂದ ಕೇಂದ್ರ ಬ್ಯಾಂಕಿಗೆ ಅನುಕೂಲ, ಉಳಿತಾಯ ಮಾಡಿದವರಿಗೆ ದಂಡ. ಹಾಗಾಗಿ ಪರ, ವಿರೋಧ ಎರಡೂ ಕಡೆ ಬರೆಯಿರಿ.

ಕೊನೆಗೆ ನಗದು ತೆಗೆಯುವುದಕ್ಕೆ ವಿರೋಧ: ನೋಟು ಹೊರಡಿಸುವುದರಿಂದ ಸರಕಾರಕ್ಕೆ ಬರುವ ಲಾಭ ಖೋತಾ, ಖಾತೆಯಿಲ್ಲದವರು ಹೊರಗೆ, ಕರೆಂಟು ಹೋದರೆ ವ್ಯಾಪಾರವೇ ಇಲ್ಲ. ಜಾಗ ಉಳಿದರೆ ಖಾಸಗಿತನ ಸೇರಿಸಿ.