ಇಳಕಲ್ ಸೀರೆಯನ್ನು ಆಧುನಿಕ ಕಲೆ ಎನ್ನಬಹುದೇ?

ಇಳಕಲ್ ಸೀರೆಯ ಚೌಕುಳಿ, ದಡಿಗಳು ಅಮೂರ್ತ ಚಿತ್ರಗಳಂತೆಯೇ ಕಾಣುತ್ತವಲ್ಲ, ಅದನ್ನೂ ಆಧುನಿಕ ಕಲೆ ಎನ್ನಬಹುದೇ ಎಂದು ಕೇಳಿದ್ದೀರಿ. ಹೋಲಿಕೆ ಇರುವುದು ನಿಜ, ಆದರೆ ಅದನ್ನೇ ನಂಬಿ ಕೂರಬೇಡಿ. ಚೌಕ ಚೌಕ ಕಂಡದ್ದೆಲ್ಲ ಕಲೆಯಾದರೆ ನನ್ನ ಲುಂಗಿಗೂ ಕಟ್ಟು ಹಾಕಿಸಿ ಗೋಡೆಗೆ ತೂಗಬೇಕಾದೀತು.

ನನ್ನ ಪ್ರಕಾರ ನಂಟು ಇರುವುದು ಬಟ್ಟೆ ಹುಟ್ಟುವ ಕ್ರಮದಲ್ಲಿ. ಇಳಕಲ್ ಸೀರೆಯ ಗುರುತಾದ ಟೋಪು ತೆನೆ ಸೆರಗನ್ನೇ ನೋಡಿ. ಸೀರೆಯ ಮೈ ಕಡುನೀಲಿ, ಸೆರಗು ಕೆಂಪು ಎಂದುಕೊಳ್ಳಿ. ಚಿತ್ರಕಾರ ಕುಂಚ ಬದಲಿಸಿದರೆ ಮುಗಿಯಿತು. ನೇಕಾರರಿಗೆ ಆ ಸಲೀಸು ಇಲ್ಲ. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು, ಹೊಕ್ಕು ಎಂದರೆ ಅಡ್ಡಕ್ಕೆ ಹಾಯಿಸುವ ಎಳೆ. ನೀಲಿ ಹಾಸಿನ ಮೇಲೆ ಎಷ್ಟು ಕೆಂಪು ಹೊಕ್ಕು ಹಾಯಿಸಿದರೂ ನೀಲಿ ಇಣುಕಿ ಬಣ್ಣ ಮಂಕಾಗುತ್ತದೆ. ಅದಕ್ಕಾಗಿ ಸೆರಗಿನ ಮಟ್ಟಿಗೆ ಕೆಂಪು ರೇಷ್ಮೆಯ ಬೇರೆಯೇ ಹಾಸು ಮಾಡಿ, ಮೈ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳ ಬಿಳಿ ಆಕೃತಿಗಳು ಅಷ್ಟು ಎದ್ದು ಕಾಣುವುದು ಹಿಂದಿರುವ ಆ ಅಪ್ಪಟ ಕೆಂಪಿನಿಂದ. ಮನೆಯಲ್ಲಿ ಕೈಮಗ್ಗದ ಸೀರೆಯಿದ್ದರೆ ಮೈ ಮುಗಿದು ಸೆರಗು ಶುರುವಾಗುವ ಗೆರೆಯನ್ನು ಹಿಂಬದಿಯಿಂದ ಗಮನಿಸಿ.

ನೂಲು ಒಪ್ಪಿದಷ್ಟೇ ವಿನ್ಯಾಸ ಎಂಬ ಈ ಶಿಸ್ತನ್ನು ಆಧುನಿಕ ಕಲೆಯೂ ಮಗ್ಗದ ಮುಂದೆ ಕುಳಿತೇ ಕಲಿತಿದೆ. ಜರ್ಮನಿಯ ಬೌಹೌಸ್ ಕಲಾಶಾಲೆಗೆ 1922ರಲ್ಲಿ ಸೇರಿದ ಕಲಾವಿದೆ ಆನಿ ಆಲ್ಬರ್ಸ್ ಬಯಸಿದ್ದು ಗಾಜಿನ ಕೆಲಸ. ಹೆಣ್ಣುಮಕ್ಕಳನ್ನು ಅಲ್ಲಿ ನೇಯ್ಗೆಯ ಕಡೆಗೇ ಕಳಿಸುತ್ತಿದ್ದರು, ಹಾಗಾಗಿ ಸಿಕ್ಕಿದ್ದು ಮಗ್ಗ. ಡಿಪ್ಲೊಮಾಕ್ಕಾಗಿ ಆಕೆ ನೇಯ್ದ ಗೋಡೆಬಟ್ಟೆಯ ಒಂದು ಮೈ ಸದ್ದನ್ನು ಹೀರುತ್ತಿತ್ತು, ಸೆಲೋಫೇನ್ ಇದ್ದ ಇನ್ನೊಂದು ಮೈ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತಿತ್ತು. 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆಕೆಯ ಏಕವ್ಯಕ್ತಿ ಪ್ರದರ್ಶನ ನಡೆಸಿತು. ನೇಯ್ಗೆಯವರಿಗೆ ಅಲ್ಲಿ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು. 1965ರ ತನ್ನ ನೇಯ್ಗೆಯ ಪುಸ್ತಕವನ್ನು ಆಕೆ ಪ್ರಾಚೀನ ಪೆರುವಿನ ನೇಕಾರರಿಗೆ, ತನ್ನ ಗುರುಗಳೆಂದು ಕರೆದು ಅರ್ಪಿಸಿದ್ದಾಳೆ. ಸಾಲ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ನಮ್ಮಲ್ಲಿ ಮೃಣಾಲಿನಿ ಮುಖರ್ಜಿಯವರೂ ನಾರಿನ ಹಗ್ಗಕ್ಕೆ ಗಂಟು ಹಾಕುತ್ತಲೇ ಆಳೆತ್ತರದ ಶಿಲ್ಪಗಳನ್ನು ನಿಲ್ಲಿಸಿದರು.

ಆದ್ದರಿಂದ ಇಳಕಲ್ ಸೀರೆಗೆ 'ಆಧುನಿಕ' ಎಂಬ ಬಿರುದು ಕೊಡಿಸುವ ಉತ್ಸಾಹ ನನಗಿಲ್ಲ. ನನ್ನ ತಕರಾರು ಬೇರೆ. ಪ್ರದರ್ಶನಗಳಲ್ಲಿ ಸೀರೆಯ ಪಕ್ಕದ ಚೀಟಿಯಲ್ಲಿ 'ಸಾಂಪ್ರದಾಯಿಕ, ಉತ್ತರ ಕರ್ನಾಟಕ' ಎಂದಷ್ಟೇ ಬರೆದಿರುತ್ತಾರೆ. ಅದೇ ಗೋಡೆಯ ಕ್ಯಾನ್ವಾಸಿಗೆ ಕಲಾವಿದರ ಹೆಸರು, ಇಸವಿ ಎಲ್ಲ ಇರುತ್ತದೆ. ನೇಯ್ದವರ ಹೆಸರನ್ನೂ ಬರೆಯಲಿ, ಕಲೆ ಹೌದೋ ಅಲ್ಲವೋ ಎಂಬ ಚರ್ಚೆಯನ್ನು ಆಮೇಲೆ ಮಾಡೋಣ.